ಟಿಕೆಟ್ ಕೊಟ್ಟು ನೋಡಿದ ಮೆಣಸಿನ ಬಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹುಟ್ಟಿ ಬೆಳೆದದ್ದು ಸಿದ್ದಾಪುರ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ. ಹಿತ್ತಿಲ ಬಾಗಿಲು ತೆಗೆದರೆ ಅಡಿಕೆ ಮರ. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಕೆಳಗೆ ಏಲಕ್ಕಿ, ಬಾಳೆ. ಬಾವಿಯ ಪಕ್ಕ ಒಂದು ಜಾಯಿಕಾಯಿ ಮರ. ಕೆಮ್ಮು ಬಂದರೆ ಅಮ್ಮ ನಮ್ಮನ್ನು ಅಂಗಡಿಗೆ ಕಳಿಸುತ್ತಿರಲಿಲ್ಲ, ತೋಟಕ್ಕೆ ಕಳಿಸುತ್ತಿದ್ದಳು.

ಇಂಥವಳು ಕಳೆದ ಡಿಸೆಂಬರಿನಲ್ಲಿ ದುಡ್ಡು ಕೊಟ್ಟು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಗೈಡ್ ಹಿಂದೆ ಸಾಲಾಗಿ ನಡೆದು, ಮೆಣಸಿನ ಬಳ್ಳಿ ನೋಡಿ ಬಂದೆ. ಗೋವಾದಲ್ಲಿ.

ನಗಬೇಡಿ. ಟಿಕೆಟ್ ಮಾಡಿಸಿದ್ದು ಮಗಳು. "ಒಂದೇ ದಿನದ್ದು ಅಮ್ಮಾ. ಬೆಳಿಗ್ಗೆ ದೂಧ್‌ಸಾಗರ, ಮಧ್ಯಾಹ್ನ ಸಾಂಬಾರ ತೋಟ, ಊಟ ಅಲ್ಲೇ. ನೀನೂ ಅತ್ತೆಯೂ ಸುಮ್ನೆ ಗಾಡೀಲಿ ಕೂತ್ಕೊಂಡ್ರೆ ಸಾಕು" ಅಂದಳು. ಅವಳ ಅತ್ತೆ ಅಂದರೆ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಈಗ ಆ ತೋಟವನ್ನು ನಿಜವಾಗಿ ನಡೆಸುವವರು ಅವರೇ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಮನೆ ಬಿಟ್ಟು ಬಂದದ್ದಕ್ಕೆ ದಾರಿಯುದ್ದಕ್ಕೂ ಗೊಣಗುತ್ತಿದ್ದರು.

ಪಣಜಿಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಆರೂವರೆಗೆ ಟೆಂಪೊ ಟ್ರಾವೆಲರ್ ಬಂತು. ಹೋಟೆಲಿಂದ ಹೋಟೆಲಿಗೆ ಸುತ್ತಿ ಜನ ಹತ್ತಿಸಿಕೊಂಡು ಕುಳೆಂ ತಲುಪುವಾಗ ಒಂಬತ್ತೂವರೆ. ಅಲ್ಲಿಂದ ಮುಂದೆ ಭಗವಾನ್ ಮಹಾವೀರ ಅಭಯಾರಣ್ಯ. ನಮ್ಮ ಗಾಡಿಯನ್ನು ಒಳಗೆ ಬಿಡುವುದಿಲ್ಲ. ಅಲ್ಲಿಯದೇ ಜೀಪು ಹತ್ತಬೇಕು. ಒಂದು ಜೀಪಿಗೆ ಏಳು ಜನ. ಸರದಿ ಬರುವವರೆಗೆ ಕಾಯಬೇಕು.

ನಾವು ಎರಡು ಗಂಟೆ ಕಾದೆವು. ಪ್ಯಾಕೇಜಿನಲ್ಲಿ "ಎಲ್ಲಾ ಸೇರಿ" ಅಂತ ಬರೆದಿತ್ತು. ಎಲ್ಲಾ ಅಂದರೆ ಎಷ್ಟು ಅಂತ ಅಲ್ಲಿ ಗೊತ್ತಾಯಿತು. ಲೈಫ್ ಜಾಕೆಟ್ ಬಾಡಿಗೆ ಬೇರೆ, ಕ್ಯಾಮೆರಾಕ್ಕೆ ಬೇರೆ. ಮಗಳು ಫೋನಿನಲ್ಲಿ ಜಗಳ ಆಡಿದಳು. ಅತ್ತಿಗೆ ಮಾತ್ರ ಬೆಂಚಿನ ಮೇಲೆ ಕೂತು ಎದುರಿನ ಮನೆಯ ಅಡಿಕೆ ಮರ ಎಣಿಸುತ್ತಿದ್ದರು. ನೀವು ಹೋಗುವುದಾದರೆ ಯಾವುದಕ್ಕೆ ಹಣ ಸೇರಿದೆ, ಯಾವುದಕ್ಕೆ ಸೇರಿಲ್ಲ ಅಂತ ಮೊದಲೇ ಬರೆಸಿಕೊಳ್ಳಿ. ಮಳೆಗಾಲದಲ್ಲಿ ಈ ಜೀಪು ನಿಲ್ಲುತ್ತದೆ. ಅಕ್ಟೋಬರಿನಿಂದ ಮತ್ತೆ ಶುರು.

ಜೀಪಿನ ದಾರಿ ಹತ್ತು ಹನ್ನೆರಡು ಕಿಲೋಮೀಟರ್ ಇರಬಹುದು, ಆದರೆ ಮುಕ್ಕಾಲು ಗಂಟೆ ಬೇಕು. ನಡುವೆ ಹೊಳೆ ದಾಟಿಸುತ್ತಾರೆ. ನೀರು ಜೀಪಿನ ಮೆಟ್ಟಿಲವರೆಗೆ ಬರುತ್ತದೆ. ನಮ್ಮ ಜೊತೆಗಿದ್ದ ಇಂಗ್ಲೆಂಡಿನ ದಂಪತಿ ಕೂಗಿ ಚಪ್ಪಾಳೆ ತಟ್ಟಿದರು. ಅತ್ತಿಗೆ ನನ್ನ ಕೈ ಹಿಡಿದುಕೊಂಡು "ನಮ್ಮೂರಿನ ರಸ್ತೆಗೆ ಇವರನ್ನ ಜುಲೈನಲ್ಲಿ ಕರ್ಕೊಂಡು ಬರಬೇಕಿತ್ತು" ಅಂದರು.

ಜೀಪು ಇಳಿದ ಮೇಲೆ ಕಲ್ಲುಬಂಡೆಗಳ ಮೇಲೆ ಸ್ವಲ್ಪ ದೂರ ನಡಿಗೆ. ಮಂಗಗಳ ಕಾಟ ಜಾಸ್ತಿ. ಕೈಯಲ್ಲಿ ತಿಂಡಿ ಕಂಡರೆ ಬಿಡುವುದಿಲ್ಲ. ಮರಗಳ ಸಂದಿಯಿಂದ ಮೊದಲು ಶಬ್ದ, ಆಮೇಲೆ ತಣ್ಣನೆ ಗಾಳಿ, ಆಮೇಲೆ ಎದುರಿಗೇ ಬೆಳ್ಳಗೆ.

ದೂಧ್‌ಸಾಗರದ ಎತ್ತರ 310 ಮೀಟರ್. ನಾಲ್ಕು ಹಂತದಲ್ಲಿ ಇಳಿಯುತ್ತದೆ. ಗೈಡ್ ಇದನ್ನು ಹೆಮ್ಮೆಯಿಂದ ಹೇಳಿದ. ನಾನು ಜೋಗದ ಪಕ್ಕದ ತಾಲ್ಲೂಕಿನವಳಲ್ಲ ಸ್ವಾಮಿ, ಜೋಗದ ತಾಲ್ಲೂಕಿನವಳು. ಸುಮ್ಮನಿರಲು ಆಗಲಿಲ್ಲ. "ನಮ್ಮ ಜೋಗ 253 ಮೀಟರ್. ಆದರೆ ರಾಜ ಮೆಟ್ಟಿಲಿಳಿದು ಬರೋದಿಲ್ಲ, ನೇರ ಧುಮುಕುತ್ತಾನೆ" ಅಂದೆ. ಅವನು ನಕ್ಕು, "ಮೇಡಂ, ಈ ನೀರು ಬರೋದೂ ನಿಮ್ಮ ಕಡೆಯಿಂದಲೇ" ಅಂದ. ಅದೂ ನಿಜ. ಗಡಿ ಅಲ್ಲೇ ಮೇಲಿದೆ. ಈ ಹೊಳೆ ಮುಂದೆ ಖಾಂಡೇಪಾರ ಅಂತ ಹೆಸರು ಪಡೆದು ಮಾಂಡೋವಿಯನ್ನು ಸೇರುತ್ತದೆ. ಮಾಂಡೋವಿ ಅಂದರೆ ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ. ಆ ಮಾತು ತೆಗೆದರೆ ಎರಡೂ ರಾಜ್ಯದವರಿಗೆ ಜಗಳಕ್ಕೆ ಬೇರೆ ಕಾರಣವೇ ಬೇಡ. ನಾವಿಬ್ಬರೂ ಅಲ್ಲಿಗೇ ನಿಲ್ಲಿಸಿದೆವು.

ಹಾಲಿನ ಕತೆಯನ್ನೂ ಹೇಳಿದ. ಕಾಡಿನ ಕೊಳದಲ್ಲಿ ರಾಜಕುಮಾರಿ ಸ್ನಾನ ಮಾಡಿ, ಚಿನ್ನದ ಹೂಜಿಯಿಂದ ಸಿಹಿ ಹಾಲು ಕುಡಿಯುತ್ತಿದ್ದಳಂತೆ. ಒಂದು ದಿನ ಯಾರೋ ರಾಜಕುಮಾರ ಮರದ ಮರೆಯಿಂದ ನೋಡಿದ. ಅವಳು ಆ ಹಾಲನ್ನೇ ಮುಂದೆ ಸುರಿದು ತೆರೆ ಮಾಡಿಕೊಂಡಳಂತೆ. ಅತ್ತಿಗೆಯ ಪ್ರಶ್ನೆ ಒಂದೇ: ಅಷ್ಟು ಹಾಲು ಯಾವ ಕೊಟ್ಟಿಗೆಯದ್ದು?

ಜಲಪಾತದ ನಡುವೆ ಅಡ್ಡಕ್ಕೆ ಒಂದು ರೈಲು ಸೇತುವೆ ಇದೆ. ಹುಬ್ಬಳ್ಳಿಯ ಕಡೆಯವರಿಗೆ ಇದು ಗೊತ್ತು. ಲೋಂಡಾ ದಾಟಿ, ಕ್ಯಾಸಲ್‌ರಾಕ್ ದಾಟಿ ರೈಲು ಘಟ್ಟ ಇಳಿಯುತ್ತದೆ. 1880ರ ದಶಕದಲ್ಲಿ ಪೋರ್ಚುಗೀಸರ ಗೋವಾವನ್ನು ಬ್ರಿಟಿಷರ ಹಿಂದೂಸ್ತಾನಕ್ಕೆ ಕೂಡಿಸಿದ ಹಳಿ ಅದು. 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಹಾಗಾಗಿ ಘಟ್ಟ ಹತ್ತುವ ರೈಲಿಗೆ ಹಿಂದಿನಿಂದ ತಳ್ಳಲು ಬೇರೆ ಇಂಜಿನ್ ಹಚ್ಚುತ್ತಾರೆ. 1961ರಲ್ಲಿ ಗೋವಾ ಬಿಡುಗಡೆ ಆಗುವವರೆಗೆ ಕ್ಯಾಸಲ್‌ರಾಕ್ ಅಂದರೆ ಬೇರೆ ದೇಶದ ಬಾಗಿಲು. ಕಾಲೇಜಿನ ದಿನಗಳಲ್ಲಿ ನಾನು ಮೀಟರ್‌ಗೇಜ್ ರೈಲಿನ ಕಿಟಕಿಯಿಂದ ಈ ಜಲಪಾತವನ್ನು ಮೊದಲ ಸಲ ನೋಡಿದ್ದು. ಎರಡು ನಿಮಿಷ. ಮುಖಕ್ಕೆ ತುಂತುರು ಹೊಡೆದಿತ್ತು. ಮಳೆಗಾಲದ ದೂಧ್‌ಸಾಗರ ನೋಡಲು ಈಗಲೂ ಅದೇ ಸರಿಯಾದ ಜಾಗ. ಆದರೆ ಇಳಿದು ಹಳಿ ಮೇಲೆ ನಡೆಯಬೇಡಿ. 2023ರ ಜುಲೈನಲ್ಲಿ ಹಾಗೆ ಹೋದ ಹುಡುಗರಿಗೆ ಅಲ್ಲೇ ಬಸ್ಕಿ ಹೊಡೆಸಿದ ವಿಡಿಯೊ ಮನೆ ಮನೆಗೂ ಬಂದಿತ್ತು, ನೋಡಿದ್ದೀರಿ ಅಲ್ವಾ?

ಜಲಪಾತದ ಬುಡದಲ್ಲಿ ನಮಗೆ ಕೊಟ್ಟದ್ದು ಒಂದು ಗಂಟೆ ಚಿಲ್ಲರೆ. ಎಲ್ಲರೂ ಫೋಟೊಕ್ಕೆ ನುಗ್ಗಿದರು. ನಾನು ಕಾಲು ನೀರಿಗೆ ಬಿಟ್ಟು ಕೂತೆ. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚಿದವು. ಅಷ್ಟೇ. ಜಲಪಾತದ ಬಗ್ಗೆ ಇನ್ನು ಜಾಸ್ತಿ ಹೇಳಲಾರೆ. ಅದನ್ನು ನೋಡಬೇಕು.

ತೋಟದ ಬಗ್ಗೆ ಹೇಳುತ್ತೇನೆ.

ಫೋಂಡಾ ತಾಲ್ಲೂಕಿನಲ್ಲಿ ಇಂಥ ಸಾಂಬಾರ ತೋಟಗಳು ಹಲವು ಇವೆ. ಕೊಂಕಣಿಯಲ್ಲಿ ಇವಕ್ಕೆ ಕುಳಾಗರ್ ಅನ್ನುತ್ತಾರೆ. ಅಡಿಕೆ, ತೆಂಗು, ಬಾಳೆ, ಮೆಣಸು, ವೀಳ್ಯದೆಲೆ ಎಲ್ಲಾ ಒಟ್ಟಿಗೆ. ಇಳಿಜಾರಿನಲ್ಲಿ, ನೀರು ಹರಿಯುವ ಕಡೆ. ನಮ್ಮ ತೋಟದ ಹಾಗೇ. ಬಾಗಿಲಲ್ಲಿ ಹಾರ ಹಾಕಿ, ಬಿಸಿ ಬಿಸಿ ಕಷಾಯ ಕೊಟ್ಟರು. ಲೆಮನ್‌ಗ್ರಾಸ್ ಟೀ ಅಂದರು. ಕುಡಿದು ನೋಡಿದರೆ ಮಜ್ಜಿಗೆಹುಲ್ಲು! ನಮ್ಮ ಬಚ್ಚಲ ಹಿಂದೆ ಬೇಡವೆಂದರೂ ಬೆಳೆಯುವುದು.

ತೋಟದ ಗೈಡ್ ಬೇರೆ ಹುಡುಗ. ಸುಮಾರು ಇಪ್ಪತ್ತೈದು ವರ್ಷ. ಮೆಣಸಿನ ಬಳ್ಳಿಯ ಮುಂದೆ ನಿಲ್ಲಿಸಿ ಒಗಟು ಹಾಕಿದ. ಹಸಿರು ಮೆಣಸು, ಕರಿ ಮೆಣಸು, ಬಿಳಿ ಮೆಣಸು, ಎಷ್ಟು ಗಿಡ? ಇಂಗ್ಲೆಂಡಿನವರು ಮೂರು ಅಂದರು. ಅವನು ಒಂದು ಗೊಂಚಲು ಕಿತ್ತು ಅಂಗೈ ಮೇಲೆ ಇಟ್ಟ. ಎಳೆಯದು ಹಸಿರು. ಬಲಿತದ್ದನ್ನು ಬಿಸಿಲಿಗೆ ಒಣಗಿಸಿದರೆ ಕಪ್ಪು. ಬಳ್ಳಿಯಲ್ಲೇ ಕೆಂಪಗೆ ಹಣ್ಣಾಗಲು ಬಿಟ್ಟು, ನೀರಲ್ಲಿ ನೆನೆಸಿ ಸಿಪ್ಪೆ ತಿಕ್ಕಿ ತೆಗೆದರೆ ಬಿಳಿ. ನಾವು ಅದಕ್ಕೆ ಬೋಳುಕಾಳು ಅನ್ನುತ್ತೇವೆ. ಆ ಹೆಂಗಸು ಒಂದು ಹಸಿ ಕಾಳು ಕಚ್ಚಿ ಕಣ್ಣು ತುಂಬಿಕೊಂಡು ನಕ್ಕಳು. "ಇದಕ್ಕಾಗಿ ಹಡಗು ಕಟ್ಟಿಕೊಂಡು ಬಂದರಾ?" ಅಂತ ಕೇಳಿದಳು.

ಹೌದಮ್ಮ, ಇದಕ್ಕೇ. ಗೋವಾದಲ್ಲಿ ಪೋರ್ಚುಗೀಸರು 1510ರಿಂದ 1961ರವರೆಗೆ ಕೂತದ್ದಕ್ಕೆ ಮೊದಲ ಕಾರಣ ಈ ಕಾಳು. ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಕಾಳುಮೆಣಸಿನ ರಾಣಿ ಅಂತಲೇ ಕರೆದರು. ಹೋಗುವಾಗ ಕಾಳು ಒಯ್ದರು, ಬರುವಾಗ ಮೆಣಸಿನಕಾಯಿ ತಂದರು. ಗೇರುಬೀಜವನ್ನೂ ಅವರೇ ತಂದದ್ದು. ಮೆಣಸಿನಕಾಯಿ ಬರುವ ಮೊದಲು ನಮ್ಮ ಅಡುಗೆಯ ಖಾರ ಹೆಚ್ಚಾಗಿ ಕಾಳುಮೆಣಸಿನದ್ದೇ. ಹೊಸದಾಗಿ ಬಂದ ಆ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನ ಹಾಗೆ ಖಾರ ಇರುವ ಕಾಯಿ, ಮೆಣಸಿನಕಾಯಿ. ಮುಗಿಯಿತು.

ಇಷ್ಟರಲ್ಲಿ ಅತ್ತಿಗೆ ಕಾಣಲಿಲ್ಲ. ಹಿಂದೆ ತಿರುಗಿ ನೋಡಿದರೆ ಸಾಲು ಬಿಟ್ಟು ಹೋಗಿ ಮೂರನೇ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಲೆ ಮಗುಚಿ ನೋಡುತ್ತಿದ್ದಾರೆ. ಗೈಡ್ ಗಾಬರಿಯಾಗಿ ಓಡಿದ. ಅತ್ತಿಗೆ ತಮಗೆ ಬರುವ ಹಿಂದಿಯಲ್ಲಿ ಹೇಳಿದರು: ಈ ಬಳ್ಳಿ ಸೊರಗುತ್ತಿದೆ. ಎಲೆ ಹಳದಿ ಆಗಿದೆ. ಬುಡದಲ್ಲಿ ನೀರು ನಿಲ್ಲುತ್ತಿದೆ, ಕಾಲುವೆ ಬಿಡಿಸಿ. ಮಳೆಗಾಲಕ್ಕೆ ಮುಂಚೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಿದ್ದೀರೋ ಇಲ್ಲವೋ? ಹುಡುಗ ಇಂಗ್ಲೆಂಡಿನವರ ಕಡೆ ಒಮ್ಮೆ ನೋಡಿ, "ಆಂಟಿ, ಟೂರ್ ಮುಗಿದ ಮೇಲೆ" ಅಂದ.

ಮುಂದೆ ದಾಲ್ಚಿನ್ನಿ ತೊಗಟೆ ಕೆತ್ತಿ ಮೂಸಲು ಕೊಟ್ಟ. ಏಲಕ್ಕಿ ಗಿಡದ ಮುಂದೆ ಎಲ್ಲರೂ ಮೇಲೆ ನೋಡಿದರು. ಕಾಯಿ ಬಿಡುವುದು ನೆಲದ ಹತ್ತಿರ ಅಂತ ಅವರಿಗೇನು ಗೊತ್ತು. ಜಾಯಿಕಾಯಿ ಒಡೆದು, ಕರಿ ಬೀಜಕ್ಕೆ ಸುತ್ತಿದ ಕೆಂಪು ಜಾಪತ್ರೆಯನ್ನು ತೋರಿಸಿದ. ಒಬ್ಬ ಕೆಲಸಗಾರ ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಅಡಿಕೆ ಮರ ಹತ್ತಿ, ತುದಿಯಲ್ಲಿ ಜೋಲಿ ಹೊಡೆದು ಪಕ್ಕದ ಮರಕ್ಕೆ ದಾಟಿದ. ಎಲ್ಲರೂ ಫೋನ್ ಎತ್ತಿದರು, ನೋಟು ಕೊಟ್ಟರು. ನಮ್ಮೂರಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ಒಂದು ಬೆಳಗಿಗೆ ಇಂಥ ಎಷ್ಟೋ ಮರ ದಾಟುತ್ತಾನೆ. ಚಪ್ಪಾಳೆ ಹೊಡೆದವರನ್ನು ನಾನು ಕಂಡಿಲ್ಲ. ನಾನೂ ಹೊಡೆದಿಲ್ಲ.

ಆಮೇಲೆ ವೆನಿಲ್ಲಾ. ಅತ್ತಿಗೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಗೈಡ್ ಕತೆ ಹೇಳುತ್ತಿದ್ದ. ಇದು ಮೆಕ್ಸಿಕೊದ ಬಳ್ಳಿ. ಬೇರೆ ದೇಶದಲ್ಲಿ ನೆಟ್ಟರೆ ಹೂವಾಗುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ, ಸಣ್ಣ ಕಡ್ಡಿಯಿಂದ ಹೂವಿನೊಳಗಿನ ತೆರೆ ಎತ್ತಿ ಹೆಬ್ಬೆರಳಿನಿಂದ ಒತ್ತುವ ಉಪಾಯ ಕಂಡುಹಿಡಿದ. ಇವತ್ತಿಗೂ ಅದೇ ಉಪಾಯ.

ಆ ಉಪಾಯ ನಮ್ಮ ಮನೆಯವರಿಗೆಲ್ಲ ಬರುತ್ತದೆ. 2000ದ ಆಚೀಚೆ ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಂದು ಬೆಳೆ ಹೋಯಿತು. ನಮ್ಮಲ್ಲಿ ದರ ಏರಿತು. ಹಸಿ ಕಾಯಿಗೇ ಕಿಲೋಗೆ ಸಾವಿರಾರು ರೂಪಾಯಿ. ಮಲೆನಾಡು, ಕರಾವಳಿ, ಎಲ್ಲರ ತೋಟದಲ್ಲೂ ವೆನಿಲ್ಲಾ. ಅಣ್ಣನೂ ಹಾಕಿದ. ಹೂ ಅರಳುವುದು ಒಂದೇ ಬೆಳಗು. ಆ ಹೊತ್ತು ತಪ್ಪಿದರೆ ಹೋಯಿತು. ಹೂವಿಗೆ ಮದುವೆ ಮಾಡುವುದು ಅನ್ನುತ್ತಿದ್ದೆವು. ಅತ್ತಿಗೆ ಮುಂಜಾನೆ ಚಹಾ ಕುಡಿಯದೆ, ಸೆರಗಲ್ಲಿ ಕಡ್ಡಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಕಳ್ಳರ ಭಯಕ್ಕೆ ಅಣ್ಣ ರಾತ್ರಿ ಟಾರ್ಚ್ ಹಿಡಿದು ಕಾಯುತ್ತಿದ್ದ. ಕಾಯಿ ಬಲಿಯಲು ಎಂಟೊಂಬತ್ತು ತಿಂಗಳು. ಅಷ್ಟರಲ್ಲಿ ಅಲ್ಲಿಯ ತೋಟ ಚೇತರಿಸಿಕೊಂಡಿತು, ಕೃತಕ ವೆನಿಲ್ಲಾ ಬೇರೆ ಅಗ್ಗ. ಎರಡು ಮೂರು ವರ್ಷದಲ್ಲಿ ಇಲ್ಲಿ ಕೇಳುವವರೇ ಇಲ್ಲದ ಹಾಗಾಯಿತು. ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆವು.

ಗೈಡ್ "ಕೇಸರಿ ಬಿಟ್ಟರೆ ಜಗತ್ತಿನಲ್ಲೇ ದುಬಾರಿ ಸಾಂಬಾರ ಇದು" ಅಂತ ಮುಗಿಸಿದ. ಅತ್ತಿಗೆ ಬಳ್ಳಿಯ ಒಂದು ಗೆಣ್ಣನ್ನು ಬೆರಳಲ್ಲಿ ಸವರಿದರು. ಏನೂ ಹೇಳಲಿಲ್ಲ.

ಊಟ ಚೆನ್ನಾಗಿತ್ತು. ಮೀನಿನವರಿಗೆ ಮೀನು, ನಮಗೆ ಅನ್ನ, ದಾಳಿ, ಸೋಲ್ ಕಡಿ. ಮುರುಗಲು ಹುಳಿ ಮತ್ತು ತೆಂಗಿನ ಹಾಲು. ಕೊನೆಗೆ ಗೇರು ಹಣ್ಣಿನ ಫೆನಿಯನ್ನು ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಮಗಳು ನನ್ನ ಕಡೆ ನೋಡಿದಳು. ನಾನು ಮಾವಿನ ಮರದ ಕಡೆ ನೋಡಿದೆ.

ಹೊರಡುವಾಗ ಒಂದು ಪದ್ಧತಿ ಇದೆ. ಬಗ್ಗಿ ನಿಲ್ಲಬೇಕು. ಹಂಡೆಯಲ್ಲಿ ಮಜ್ಜಿಗೆಹುಲ್ಲು ನೆನೆಸಿದ ತಣ್ಣೀರು. ಅದನ್ನು ಉದ್ದ ಹಿಡಿಯ ಸೌಟಿನಲ್ಲಿ ತೆಗೆದು ಕತ್ತಿನ ಹಿಂದಿನಿಂದ ಬೆನ್ನಿಗೆ ಸುರಿಯುತ್ತಾರೆ. ದಣಿವು ಹೋಗುತ್ತದಂತೆ. ನಾನು ಹೊಯ್ಯಿಸಿಕೊಂಡೆ. ಜೀವ ಝಲ್ ಅಂದು "ಅಯ್ಯಯ್ಯೋ" ಅಂದುಬಿಟ್ಟೆ. ನೀರು ಹೊಯ್ಯುತ್ತಿದ್ದ ಹೆಂಗಸು ಸೌಟು ನಿಲ್ಲಿಸಿ, "ನೀವು ಕನ್ನಡದವರೇನ್ರಿ ಅಕ್ಕಾರ?" ಅಂದಳು.

ಬಾದಾಮಿ ಕಡೆಯವಳು. ಬಂದು ಒಂಬತ್ತು ವರ್ಷ ಆಯಿತಂತೆ. "ಈ ಕಾಡಾಗ ಏನೈತ್ರಿ, ನಮ್ಮೂರಾಗ ಮೆಣಸಿನಕಾಯಿ ಒಣಗಿಸಿದ್ರ ಕೆಂಪ ಜಮಖಾನಿ ಹಾಸಿದಂಗ ಇರತೈತಿ" ಅಂದಳು. ಅತ್ತಿಗೆ ಸೀರೆ ಒದ್ದೆಯಾಗುತ್ತದೆ ಅಂತ ಬೇಡವೆಂದವರು, ಅವಳ ಮಾತು ಕೇಳಿ ತಾವೇ ಬಗ್ಗಿದರು.

ಟೆಂಪೊ ಹಾರ್ನ್ ಹಾಕುತ್ತಿತ್ತು. ಗೈಡ್ ಹುಡುಗ ಓಡಿ ಬಂದ. ಕೈಯಲ್ಲಿ ನೋಟ್‌ಬುಕ್ಕು. ಮನೆಯಲ್ಲಿ ತನ್ನಪ್ಪನದೂ ಒಂದು ಸಣ್ಣ ಕುಳಾಗರ್ ಇದೆಯಂತೆ, ಎರಡು ವರ್ಷದಿಂದ ಬಳ್ಳಿ ಸಾಯುತ್ತಿವೆಯಂತೆ. ಅತ್ತಿಗೆ ಗಾಡಿಯ ಮೆಟ್ಟಿಲ ಮೇಲೆ ನಿಂತು ಬೋರ್ಡೋ ಮಾಡುವ ಕ್ರಮ ಬರೆಸಿದರು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಆಮೇಲೆ ಕೂಡಿಸು. ಆವತ್ತೇ ಹೊಡಿ, ನಾಳೆಗೆ ಇಡಬೇಡ. ಗಾಡಿಯಲ್ಲಿದ್ದ ಹದಿನಾಲ್ಕು ಜನ ಕಾದರು. ಬೆಳಿಗ್ಗೆ ನಾವು ಎರಡು ಗಂಟೆ ಕಾದಿರಲಿಲ್ಲವೇ?

ತೋಟದ ಅಂಗಡಿಯಿಂದ ನಾನು ಅಣ್ಣನಿಗೆ ಅಂತ ನೂರು ಗ್ರಾಂ ಕಾಳುಮೆಣಸು ತಂದಿದ್ದೆ, ತಮಾಷೆಗೆ. ಅವನು ಜಗಲಿಯಲ್ಲಿ ಕೂತು ಪೊಟ್ಟಣ ತಿರುಗಿಸಿ, ಕನ್ನಡಕ ಏರಿಸಿ ದರ ಓದಿದ. ಎರಡು ಕಾಳು ಬಾಯಿಗೆ ಹಾಕಿ ಅಗಿದ. ಅಂಗಳದಲ್ಲಿ ನಮ್ಮದೇ ಅಡಿಕೆ ಒಣಗುತ್ತಿತ್ತು.

"ತಂಗೀ," ಅಂದ, "ಬಪ್ಪ ವರ್ಷ ಆನೂ ಗೈಡ್ ಆಗ್ತಿ. ನೀ ಬಂದವ್ರ ಬೆನ್ನಿಗೆ ನೀರು ಹೊಯ್ಯಲೆ ಬಾ."

ನಮಸ್ಕಾರ.