ಬೆಕ್ಕು ಗಿಕ್ಕು, ಪುಸ್ತಕ ಗಿಸ್ತಕ

ಕೇಳುಗರೇ, ನಮಸ್ಕಾರ.

ಕಳೆದ ವರ್ಷ ನಾವು ಮೈಸೂರಿನಲ್ಲೇ ಮನೆ ಬದಲಾಯಿಸಿದೆವು. ಸರಸ್ವತಿಪುರದಿಂದ ಕುವೆಂಪುನಗರಕ್ಕೆ. ದೂರವೇನಲ್ಲ. ಆದರೆ ಸಾಮಾನು ಕಟ್ಟುವುದು ತಪ್ಪುತ್ತದೆಯೇ? ಮನೆ ನೋಡಲು ಹೋದ ದಿನ ಮಾಲೀಕರು ಬಾಡಿಗೆ, ಅಡ್ವಾನ್ಸ್, ನೀರು ಬಿಡುವ ಹೊತ್ತು ಎಲ್ಲ ಹೇಳಿ ಮುಗಿಸಿದರು. ಕೊನೆಗೆ ಕೇಳಿದರು: "ನಾಯಿ ಗೀಯಿ, ಬೆಕ್ಕು ಗಿಕ್ಕು ಏನಾದ್ರೂ ಇದ್ಯಾ ಸಾರ್?"

"ನಾಯಿ ಇಲ್ಲ. ಒಂದು ಬೆಕ್ಕು ಇದೆ" ಎಂದೆ.

"ಒಂದು ತಾನೇ, ಇರ್ಲಿ ಬಿಡಿ" ಎಂದರು.

ಪುಸ್ತಕದ ವಿಷಯ ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಮೂವತ್ತೆರಡು ರಟ್ಟಿನ ಪೆಟ್ಟಿಗೆ ಇವೆ ಅಂತ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಆ 'ಗಿಕ್ಕು' ನನ್ನ ತಲೆಯಲ್ಲಿ ಓಡಾಡುತ್ತಿತ್ತು. ಎಂಥ ಚೆಂದದ ಮಾತು ಅಲ್ವಾ! ಮೊದಲ ಅಕ್ಷರ ತೆಗೆದು 'ಗಿ' ಇಟ್ಟರೆ ಆಯಿತು. ಆ ಅಕ್ಷರ ದೀರ್ಘವಾಗಿದ್ದರೆ 'ಗೀ'. ಮದುವೆ ಗಿದುವೆ, ಕಾಫಿ ಗೀಫಿ, ಊಟ ಗೀಟ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಆದರೂ ಒಮ್ಮೆಯೂ ತಪ್ಪುವುದಿಲ್ಲ. ಹೊರಗಿನಿಂದ ಬಂದ ಪದಗಳನ್ನೂ ಈ 'ಗಿ' ಬಿಡುವುದಿಲ್ಲ. ಬಸ್ಸು ಗಿಸ್ಸು, ಫೋನು ಗೀನು. 'ಗಿ'ಯಿಂದಲೇ ಶುರುವಾಗುವ ಪದಗಳಿಗೆ ಮಾತ್ರ ಸ್ವಲ್ಪ ಕಷ್ಟ. ಗಿಳಿ ಗಿಳಿ ಎಂದರೆ ಗಿಳಿಯನ್ನು ಕೂಗಿ ಕರೆದ ಹಾಗಾಗುತ್ತದೆ.

'ಗಿಕ್ಕು' ಎಂದರೆ ಏನು? ಒಂಟಿಯಾಗಿ ನಿಲ್ಲಿಸಿದರೆ ಏನೂ ಇಲ್ಲ. ಪಕ್ಕದಲ್ಲಿ ಬೆಕ್ಕು ಇರಬೇಕು. ಆಗ ಮಾತ್ರ ಅದಕ್ಕೆ ಜೀವ.

ನಮ್ಮಜ್ಜಿ ಕತ್ತಲಾದ ಮೇಲೆ ಹಾವು ಎಂಬ ಮಾತು ಆಡುತ್ತಿರಲಿಲ್ಲ. ಹೆಸರು ಹೇಳಿದರೆ ಬಂದುಬಿಡುತ್ತದೆ ಅಂತ ನಂಬಿಕೆ. "ಕೊಟ್ಟಿಗೆಗೆ ಹೋಗೋವಾಗ ಲಾಟೀನು ಹಿಡ್ಕೊ ಮಗ, ಹುಳ ಗಿಳ ಇದ್ದಾತು" ಅನ್ನೋರು. ಹುಳ ಎಂದರೆ ಹಾವು. ಗಿಳ ಎಂದರೆ ಚೇಳು, ಜರಿ, ಕತ್ತಲಲ್ಲಿ ಇರಬಹುದಾದ ಇನ್ನೇನೇನೋ. ಮೊಮ್ಮಗನ ಕಾಲಿಗೆ ಏನೂ ಕಚ್ಚಬಾರದು ಎಂಬ ಅಜ್ಜಿಯ ಅಷ್ಟೂ ಆತಂಕ ಆ ಗಿಳದೊಳಗೆ ಇರುತ್ತಿತ್ತು. ಈಗಲೂ ಲೈಟು ಹಾಕದೆ ಹಿತ್ತಲಿಗೆ ಕಾಲಿಡುವಾಗ ನನ್ನ ಕಿವಿಗೆ ಅದೇ ದನಿ ಕೇಳುತ್ತದೆ.

ರೇಡಿಯೋ ಗೀಡಿಯೋ ಎನ್ನುತ್ತೇವೆ. ಆದರೆ ಆಕಾಶವಾಣಿಗೆ ಹೀಗೆ ಜೋಡಿ ಕಟ್ಟಿದವರನ್ನು ನಾನು ಕಂಡಿಲ್ಲ. ಈ ಆಕಾಶವಾಣಿಯೂ ನಮ್ಮೂರಿನ ಒಂದು ಮನೆಯಿಂದ ಹೊರಟ ಹೆಸರೇ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ಶುರುಮಾಡಿದರು. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದವರು. ಆ ಕೇಂದ್ರಕ್ಕೆ ಇದ್ದ ಹೆಸರು ಆಮೇಲೆ ಇಡೀ ದೇಶದ ರೇಡಿಯೋಗೆ ಬಂತು. ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ.

ಸರಿ, ಮನೆ ಬದಲಾಯಿಸುವ ಕಥೆಗೆ ಬರೋಣ.

ನಮ್ಮ ಬೆಕ್ಕಿನ ಹೆಸರು ಸುಬ್ಬಿ. ನಾನು ಪುಸ್ತಕ ತುಂಬುತ್ತಿದ್ದ ಒಂದು ವಾರವೂ ಅವಳು ಒಂದೊಂದು ಪೆಟ್ಟಿಗೆಗೂ ಇಳಿದು, ಮೂಸಿ, ಹೊರಗೆ ಬರುತ್ತಿದ್ದಳು. ಹೊರಡುವ ಹಿಂದಿನ ರಾತ್ರಿ ಒಂದು ಪೆಟ್ಟಿಗೆ ಅರ್ಧ ತುಂಬಿ ಹಾಗೇ ಬಿಟ್ಟು ಮಲಗಿದೆ. ಅದರಲ್ಲಿ ಇದ್ದದ್ದು ಎರಡೇ. ಕಿಟೆಲ್ ನಿಘಂಟು, ಮತ್ತು ನಮ್ಮಪ್ಪನ ಒಂದು ದಪ್ಪ ನೋಟ್‌ಬುಕ್. ಮೇಲೆ ಒಂದು ಹಳೆಯ ಪಂಚೆ ಮುಚ್ಚಿದ್ದೆ.

ಫರ್ಡಿನಾಂಡ್ ಕಿಟೆಲ್ ಜರ್ಮನಿಯಿಂದ ಬಂದದ್ದು 1853ರಲ್ಲಿ. ಧರ್ಮಪ್ರಚಾರಕ್ಕೆ ಬಂದವರು ಕನ್ನಡದ ಬೆನ್ನು ಹತ್ತಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು ಎಪ್ಪತ್ತು ಸಾವಿರ ಪದ. ಹಳೆಯ ಕಾವ್ಯದ ಮಾತಿನ ಜೊತೆಗೆ ಜನರ ಬಾಯಿಯ ಗಾದೆಗಳನ್ನೂ ಅದರಲ್ಲಿ ಸೇರಿಸಿದ್ದಾರೆ. ಒಂದು ಪದ ಹುಡುಕಲು ಹೋದರೆ ಹತ್ತು ಪದ ನೋಡದೆ ಬರಲಾಗುವುದಿಲ್ಲ.

ನಮ್ಮಪ್ಪನ ನೋಟ್‌ಬುಕ್ಕಿನಲ್ಲಿ ಇದ್ದದ್ದು 'ಇಗೋ ಕನ್ನಡ'. ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರು ಬರೆಯುತ್ತಿದ್ದ ಅಂಕಣ. ಓದುಗರು ಕಾಗದ ಬರೆದು ಈ ಪದ ಎಲ್ಲಿಂದ ಬಂತು, ಈ ಮಾತು ಸರಿಯೇ ಎಂದು ಕೇಳುತ್ತಿದ್ದರು. 107 ವರ್ಷ ಬಾಳಿದ ಆ ಹಿರಿಯರು ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು. ಅಪ್ಪ ಅದನ್ನು ಕತ್ತರಿಸಿ, ಮೈದಾ ಅಂಟು ಕುದಿಸಿ, ಹಾಳೆಗೆ ಅಂಟಿಸುತ್ತಿದ್ದರು. ಅಪ್ಪ ಓದಿದ್ದು ಎಂಟನೇ ಕ್ಲಾಸು. ಅವರು ನನಗೆ ಬಿಟ್ಟುಹೋದದ್ದರಲ್ಲಿ ನಾನು ತುಂಬ ಜೋಪಾನ ಮಾಡುವುದು ಆ ನೋಟ್‌ಬುಕ್ಕನ್ನೇ.

ಬೆಳಗ್ಗೆ ಐದಕ್ಕೆ ಎದ್ದು ನೋಡುತ್ತೇನೆ, ಪೆಟ್ಟಿಗೆಯೊಳಗೆ ಕುಂಯ್ ಕುಂಯ್ ಸದ್ದು. ಸುಬ್ಬಿ ಪಂಚೆಯ ಮೇಲೆ ಮಲಗಿದ್ದಾಳೆ. ಹೊಟ್ಟೆಗೆ ಅಂಟಿಕೊಂಡು ಮೂರು ಮರಿ. ಒಂದು ಬಿಳಿ, ಒಂದು ಕರಿ, ಇನ್ನೊಂದು ಸುಬ್ಬಿಯ ಹಾಗೇ ಪಟ್ಟೆಪಟ್ಟೆ. ನಾನು ನೆಲದ ಮೇಲೆ ಕೂತುಬಿಟ್ಟೆ. ಕನ್ನಡದಲ್ಲಿ ಹಸು ಈಯುತ್ತದೆ, ಕೋಳಿ ಮರಿ ಮಾಡುತ್ತದೆ, ಬೆಕ್ಕು ಮರಿ ಹಾಕುತ್ತದೆ. ಒಂದೊಂದು ತಾಯಿಗೂ ಒಂದೊಂದು ಮಾತು! ಗಂಡುಬೆಕ್ಕಿಗೂ ಬೇರೆಯದೇ ಹೆಸರಿದೆ, ಬಾವುಗ. ಇಷ್ಟು ಹತ್ತಿರದಿಂದ ನೋಡಿ, ಇಷ್ಟು ಪ್ರೀತಿಯಿಂದ ಹೆಸರಿಟ್ಟವರು ಯಾರೋ!

ಲಾರಿ ಬಂತು. ಮೂವತ್ತೊಂದು ಪೆಟ್ಟಿಗೆ ಅದರಲ್ಲಿ ಹೋದವು. ಮೂವತ್ತೆರಡನೆಯದು ಆಟೋದಲ್ಲಿ, ನನ್ನ ತೊಡೆಯ ಮೇಲೆ. ಅದರಲ್ಲಿ ಕಿಟೆಲ್, ಅಪ್ಪ, ಸುಬ್ಬಿ, ಮೂರು ಮರಿ. ಆಟೋದವರು ಒಳಗೆ ಇಣುಕಿ ನೋಡಿ, ಹಳ್ಳ ಬಂದ ಕಡೆಯಲ್ಲೆಲ್ಲ ನಿಧಾನ ಮಾಡಿದರು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ. ನಮ್ಮ ಸುಬ್ಬಿಗೆ ಒಂದು ಮನೆ ನಾನೇ ಸುತ್ತಿಸಿದೆ.

ಹೊಸ ಮನೆಯ ಗೇಟಿನಲ್ಲಿ ಮಾಲೀಕರು ನಿಂತಿದ್ದರು. ಮುಚ್ಚಿಡುವುದು ಬೇಡ ಅನ್ನಿಸಿತು. "ಸಾರ್, ನೀವು ಅವತ್ತು ಬೆಕ್ಕು ಗಿಕ್ಕು ಅಂತ ಕೇಳಿದ್ರಲ್ಲ. ರಾತ್ರಿ ಗಿಕ್ಕು ಬಂತು. ಮೂರು" ಎಂದೆ. ಅವರು ಪಂಚೆ ಸರಿಸಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಒಳಕ್ಕೆ ತಿರುಗಿ, "ಲೇ, ಬಾರೇ ಇಲ್ಲಿ, ಒಂಚೂರು ಹಾಲು ತಗೊಂಡು ಬಾ" ಎಂದು ಹೆಂಡತಿಯನ್ನು ಕೂಗಿದರು.

ಬಿಳಿ ಮರಿ, ಕರಿ ಮರಿ ದೊಡ್ಡವಾದ ಮೇಲೆ ಗೊತ್ತಿದ್ದವರ ಮನೆ ಸೇರಿದವು. ಪಟ್ಟೆಯ ಮರಿ ನಮ್ಮಲ್ಲೇ ಉಳಿಯಿತು. ಹೆಸರು ಬೇರೆ ಏನು ತಾನೇ ಇಡಲಾದೀತು? ಗಿಕ್ಕು. ಈಗ ಆ ಪದ ಒಂಟಿಯಾಗಿಯೇ ಓಡಾಡುತ್ತದೆ. ಕರೆದರೆ ಬರುತ್ತದೆ.

ಮೊನ್ನೆ ಸಂಜೆ ಮಾಲೀಕರ ಮನೆಯವರು ಮೇಲೆ ಬಂದಿದ್ದರು. ಬಾಗಿಲಲ್ಲೇ ನಿಂತು, ಗೋಡೆಯುದ್ದಕ್ಕೂ ಇದ್ದ ಕಪಾಟು ನೋಡಿ, "ಯಾವುದಾದ್ರೂ ಕಥೆ ಗಿಥೆ ಪುಸ್ತಕ ಇದ್ರೆ ಕೊಡ್ತೀರಾ? ಮದುವೆಗೆ ಮುಂಚೆ ತುಂಬಾ ಓದ್ತಿದ್ದೆ" ಎಂದರು. ಒಳಗೆ ಕರೆದು ಕೂರಿಸಿದೆ. ಒಂದೊಂದೇ ತೆಗೆದು ಮುಂದಿಟ್ಟೆ. ಮೂರು ಆರಿಸಿಕೊಂಡರು. ಮೇಜಿನ ಮೇಲೆ ತೆರೆದಿಟ್ಟಿದ್ದ ಕಿಟೆಲ್ ನಿಘಂಟನ್ನೂ ಒಮ್ಮೆ ನೋಡಬೇಕು ಅಂತ ಅವರಿಗೆ ಆಸೆ. ಆದರೆ ಅದರ ಮೇಲೆ ಗಿಕ್ಕು ಮಲಗಿತ್ತು. ಎಬ್ಬಿಸುವುದು ಬೇಡ ಎಂದು ಇಬ್ಬರೂ ಸುಮ್ನೆ ಕೂತು ಕಾಫಿ ಕುಡಿದೆವು.

ನಮಸ್ಕಾರ.