ಮೊದಲು ಒಂದು ಸೋಮವಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಹೈಸ್ಕೂಲು ಓದುವ ಹುಡುಗನೋ ಹುಡುಗಿಯೋ ಶಾಲೆ ಬಿಟ್ಟರೆ ನಮಗೆ ತಕ್ಷಣ ಒಂದು ಕಾರಣ ಬೇಕು. ಓದು ತಲೆಗೆ ಹತ್ತಲಿಲ್ಲ ಅನ್ನುತ್ತೇವೆ. ಸಹವಾಸ ಸರಿಯಿರಲಿಲ್ಲ ಅನ್ನುತ್ತೇವೆ. ಈಗಂತೂ ಮೊಬೈಲ್ ಇದೆಯಲ್ಲ, ಅದರ ಮೇಲೆ ಹಾಕಿಬಿಟ್ಟರೆ ಮಾತು ಮುಗಿಯಿತು. ಆದರೆ ಬಿಟ್ಟವರನ್ನೇ ಕೂರಿಸಿ ಕೇಳಿದರೆ ಕಥೆ ಬೇರೆ.

2006ರಲ್ಲಿ ಅಮೆರಿಕದಲ್ಲಿ ಹಾಗೆ ಕೇಳಿದರು. ಶಾಲೆ ಬಿಟ್ಟಿದ್ದ, 16ರಿಂದ 25 ವಯಸ್ಸಿನ ಸುಮಾರು 470 ಮಂದಿಯನ್ನು ಮಾತಾಡಿಸಿದರು. ಅವರಲ್ಲಿ ನೂರಕ್ಕೆ 88 ಮಂದಿಗೆ ಪಾಸಾಗುವಷ್ಟು ಅಂಕ ಬರುತ್ತಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಪಾಠ ಬೇಸರ ಬರಿಸುತ್ತಿತ್ತು ಎಂದರು. ಮೂರರಲ್ಲಿ ಒಬ್ಬರಷ್ಟು ಮಂದಿ ದುಡಿಯಲೇಬೇಕಿತ್ತು ಎಂದರು. ಮಗು ಹುಟ್ಟಿತು, ಮನೆಯವರನ್ನು ನೋಡಿಕೊಳ್ಳಬೇಕಿತ್ತು ಎಂದವರೂ ಇದ್ದರು. ದಡ್ಡರು ಬಿಡುತ್ತಾರೆ ಅನ್ನುವ ನಮ್ಮ ರೆಡಿಮೇಡ್ ಉತ್ತರ ಇಲ್ಲಿ ನಿಲ್ಲುವುದಿಲ್ಲ, ಅಲ್ವಾ?

ಬಡತನ ಸಣ್ಣ ಕಾರಣ ಅಂತ ನಾನು ಹೇಳುತ್ತಿಲ್ಲ. ಮನೆಗೆ ಇನ್ನೊಬ್ಬರ ದುಡಿಮೆ ಬೇಕಾದಾಗ ಮೊದಲು ಕಣ್ಣು ಬೀಳುವುದು ಬೆಳೆದ ಮಕ್ಕಳ ಮೇಲೆಯೇ. ಆದರೆ ಒಂದೇ ಥರ ಕಷ್ಟ ಇರುವ ಎರಡು ಮನೆಗಳಲ್ಲಿ ಒಬ್ಬಳು ಓದು ಮುಗಿಸುತ್ತಾಳೆ, ಇನ್ನೊಬ್ಬಳು ಬಿಡುತ್ತಾಳೆ. ಇದಕ್ಕೆ ಉತ್ತರ ಹುಡುಕುವವರು ಹಾಜರಿ ಪುಸ್ತಕ ತೆರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾರೂ ಒಂದು ಬೆಳಗ್ಗೆ ಎದ್ದು ಶಾಲೆ ಬಿಡುವುದಿಲ್ಲ. ಮೊದಲು ಒಂದು ಸೋಮವಾರ ತಪ್ಪುತ್ತದೆ. ಆಮೇಲೆ ಟೆಸ್ಟ್ ಇರುವ ದಿನ. ಆಮೇಲೆ ಇಡೀ ವಾರ.

ಒಂಬತ್ತನೇ ತರಗತಿ ಅಂದುಕೊಳ್ಳಿ. ಮೂರು ದಿನ ಬಾರದ ಹುಡುಗಿ ಗುರುವಾರ ಬಂದಿದ್ದಾಳೆ. ಹೋದ ವಾರ ಲೆಕ್ಕದಲ್ಲಿ ಎಕ್ಸ್ ಒಂದೇ ಇತ್ತು. ಈಗ ಪಕ್ಕದಲ್ಲಿ ವೈ ಕೂಡ ಬಂದು ಕೂತಿದೆ. ಮೇಲಿನ ಸಾಲಿನಿಂದ ಕೆಳಗಿನ ಸಾಲನ್ನು ಯಾಕೆ ಕಳೆದರು ಅಂತ ಅವಳಿಗೆ ಗೊತ್ತಾಗುವುದಿಲ್ಲ. ಕೇಳೋಣ ಅಂದರೆ, ಒಳಗೆ ಬರುವಾಗಲೇ ಮೇಷ್ಟ್ರು, "ಓಹೋ, ಮಹಾರಾಣಿಯವರು ಇವತ್ತು ದಾರಿ ತಪ್ಪಿ ಬಂದ್ರಾ?" ಅಂದಿದ್ದಾರೆ. ಎಲ್ಲರೂ ಗೊಳ್ಳೆಂದು ನಕ್ಕಿದ್ದಾರೆ. ಅವಳೂ ನಕ್ಕಿದ್ದಾಳೆ. ಬೋರ್ಡಿನ ಮೇಲಿದ್ದದ್ದನ್ನು ಸುಮ್ನೆ ಬರೆದುಕೊಂಡು ಕೂರುತ್ತಾಳೆ. ಶುಕ್ರವಾರ ಹೊಟ್ಟೆನೋವು. ನಾಟಕ ಅಂತ ಮನೆಯಲ್ಲಿ ಬೈಗುಳ. ಪಾಪ, ಎಷ್ಟೋ ಸಲ ಅದು ನಿಜವಾದ ನೋವೇ. ಹೆದರಿಕೆಗೆ ಹೊಟ್ಟೆ ಕಿವುಚುತ್ತದೆ.

ಶಿಕಾಗೋದ ಶಾಲೆಗಳಲ್ಲಿ ಸಂಶೋಧಕರು ಒಂಬತ್ತನೇ ತರಗತಿಯ ಲೆಕ್ಕ ಹಾಕಿ ನೋಡಿದ್ದಾರೆ. ಆ ವರ್ಷ ಹೆಚ್ಚು ಫೇಲಾಗದೆ ಸರಿಯಾಗಿ ಮುಂದೆ ಸಾಗಿದವರು, ಹಿಂದೆ ಬಿದ್ದವರಿಗಿಂತ ಮೂರೂವರೆ ಪಟ್ಟು ಜಾಸ್ತಿ ಹೈಸ್ಕೂಲು ಮುಗಿಸಿದರು. ಒಂದು ಸೆಮಿಸ್ಟರಿನಲ್ಲಿ ಒಂದೆರಡು ವಾರದ ಗೈರುಹಾಜರಿ ಇದ್ದರೂ ಓದು ಮುಗಿಸುವ ಸಾಧ್ಯತೆ ಚೆನ್ನಾಗಿಯೇ ಕುಸಿಯುತ್ತಿತ್ತು.

ಫೇಲು ಮಾಡಿ ಅದೇ ತರಗತಿಯಲ್ಲಿ ಕೂರಿಸಿದರೆ ಬುದ್ಧಿ ಬರುತ್ತದೆ ಅನ್ನುವವರಿದ್ದಾರೆ. ಹಾಗೆ ಕೂತವರಲ್ಲಿ ಶಾಲೆ ಬಿಡುವವರೇ ಹೆಚ್ಚು. ಜೊತೆಯವರೆಲ್ಲ ಮುಂದೆ ಹೋಗಿ, ತಮ್ಮ ತಂಗಿಯರ ವಯಸ್ಸಿನವರ ನಡುವೆ ಕೂರುವುದು 15 ವರ್ಷದವರಿಗೆ ಸುಲಭವೇನಲ್ಲ. ಅದರ ಮೇಲೆ ಯಾರಾದರೂ ಗೇಲಿ ಮಾಡಿ ಕಾಡಿದರಂತೂ ಮುಗಿದೇ ಹೋಯಿತು.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ರೂಪಿಸಿದ 'ಚೆಕ್ ಆ್ಯಂಡ್ ಕನೆಕ್ಟ್' ಎಂಬ ಒಂದು ಕ್ರಮ ಇದೆ. ಒಬ್ಬ ವಿದ್ಯಾರ್ಥಿಗೆ ಒಬ್ಬ ದೊಡ್ಡವರು, ಕಡಿಮೆಯೆಂದರೂ ಎರಡು ವರ್ಷ. ಹಾಜರಿ, ಅಂಕ, ನಡತೆ ಮೂರನ್ನೂ ಅವರು ಬಿಡದೆ ಗಮನಿಸುತ್ತಾರೆ, ಆಗಾಗ ಕೂರಿಸಿಕೊಂಡು ಮಾತಾಡುತ್ತಾರೆ, ಮನೆಯವರ ಜೊತೆಗೂ ಸಂಪರ್ಕದಲ್ಲಿರುತ್ತಾರೆ. ಇದರಿಂದ ಶಾಲೆಯಲ್ಲಿ ಉಳಿದವರ ಸಂಖ್ಯೆ ಹೆಚ್ಚಿದ್ದು ಕಂಡುಬಂದಿದೆ.

ಇಂಥ ಏರ್ಪಾಡು ಇಲ್ಲದ ಶಾಲೆಯಲ್ಲೂ ಆಟದ ಮೇಷ್ಟ್ರೋ, ಆಫೀಸಿನ ಗುಮಾಸ್ತರೋ ಒಬ್ಬರು ಈ ಕೆಲಸ ಹಿಡಿಯಬಹುದು. ಅವರಿಗೆ ಬೀಜಗಣಿತ ಬರಬೇಕಾಗಿಲ್ಲ. ಹುಡುಗಿ ಬಂದಿಲ್ಲ ಅಂತ ಅದೇ ಬೆಳಗ್ಗೆ ಗೊತ್ತಾಗಿ ಮನೆಗೆ ಫೋನ್ ಹೋಗಬೇಕು. ಬಂದ ದಿನ, ತಪ್ಪಿಹೋದ ಆ ಎಕ್ಸ್, ವೈ ಲೆಕ್ಕಗಳನ್ನು ಅವಳು ಯಾರ ಹತ್ತಿರ, ಎಷ್ಟು ಗಂಟೆಗೆ ಹೇಳಿಸಿಕೊಳ್ಳಬೇಕು ಅನ್ನುವುದು ಗೊತ್ತಾಗಿರಬೇಕು.

ನಮಸ್ಕಾರ.