ಪತ್ರಹರಿತ್ತನ್ನು ಕೈಬಿಡಬೇಡಿ: ಪಿಯುಸಿ ಜೀವಶಾಸ್ತ್ರ ಓದುವ ಮಕ್ಕಳಿಗೆ

ಕೇಳುಗರಿಗೆ ನಮಸ್ಕಾರ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿದ ಮಕ್ಕಳು ಮೊದಲ ಕೆಲವು ವಾರಗಳಲ್ಲಿ ಪಡುವ ಪಾಡನ್ನು ಉಪನ್ಯಾಸಕಿಯಾಗಿ ನಾನು ಬಹಳ ವರ್ಷ ಕಂಡಿದ್ದೇನೆ. ಗಣಿತ, ಭೌತಶಾಸ್ತ್ರಗಳಲ್ಲಿ ಸಂಖ್ಯೆಗಳೂ ಸೂತ್ರಗಳೂ ಅಷ್ಟಿಷ್ಟು ಕೈಹಿಡಿದು ನಡೆಸುತ್ತವೆ; ಜೀವಶಾಸ್ತ್ರದಲ್ಲಿ ಬಹುಪಾಲು ವಿಷಯ ಮಾತಿನಲ್ಲೇ ಇರುತ್ತದೆ, ಆ ಮಾತು ಇಂಗ್ಲಿಷಿನಲ್ಲಿರುತ್ತದೆ. ಪುಂಕೇಸರ ಎಂದು ಕಲಿತದ್ದು ಸ್ಟೇಮೆನ್ ಆಗುತ್ತದೆ, ಶಲಾಕಾಗ್ರ ಸ್ಟಿಗ್ಮಾ ಆಗುತ್ತದೆ, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗುತ್ತದೆ. ತನ್ನ ಶಾಲೆಗೇ ಮೊದಲಿಗಳಾಗಿ ಬಂದ ಹುಡುಗಿ ಆಷಾಢ ಮುಗಿಯುವಷ್ಟರಲ್ಲಿ ಹಿಂದಿನ ಬೆಂಚಿಗೆ ಸರಿದಿರುತ್ತಾಳೆ.

ಹಳೆಯ ಪದಗಳನ್ನು ಮರೆತು ಹೊಸದನ್ನು ಉರು ಹೊಡೆಯಿರಿ ಎಂದು ಈ ಮಕ್ಕಳಿಗೆ ಹಲವರು ಹೇಳುತ್ತಾರೆ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಮೀಸಲಾಗಿರುವುದರಿಂದ ಮನೆಯವರೂ ಆತಂಕದಿಂದ ಅದನ್ನೇ ಒತ್ತಿ ಹೇಳುತ್ತಾರೆ. ಈ ಸಲಹೆ ತಪ್ಪೆಂದು ನಾನು ನಂಬಿದ್ದೇನೆ. ಪತ್ರಹರಿತ್ತು ಎಂಬ ಪದವನ್ನೇ ನೋಡೋಣ. ಪತ್ರವೆಂದರೆ ಎಲೆ, ಹರಿತ್ತು ಎಂದರೆ ಹಸಿರು. ಕ್ಲೋರೋಫಿಲ್ ಗ್ರೀಕ್ ಮೂಲದ ಪದ. ಅಲ್ಲಿ ಕ್ಲೋರೋಸ್ ಎಂದರೆ ಹಸಿರು, ಫಿಲ್ಲಾನ್ ಎಂದರೆ ಎಲೆ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವಿಕೆ. ಫೋಟೋಸಿಂಥೆಸಿಸ್ ಪದವನ್ನು ಬಿಡಿಸಿದರೂ ಇದೇ ಅರ್ಥ ಸಿಗುತ್ತದೆ. ಹೊಸ ಪದ ಬಂದಾಗಲೆಲ್ಲ ಅದನ್ನು ಒಡೆದು, ಪಕ್ಕದಲ್ಲಿ ಕನ್ನಡದ ಪದವನ್ನೂ ಬರೆದುಕೊಳ್ಳುವ ಮಗುವಿಗೆ ನಾಲ್ಕಾರು ತಿಂಗಳಲ್ಲಿ ಗ್ರೀಕ್, ಲ್ಯಾಟಿನ್ ತುಣುಕುಗಳು ತಾವಾಗಿಯೇ ಪರಿಚಯವಾಗುತ್ತವೆ.

ಪದಕ್ಕಿಂತ ಮೊದಲು ವಸ್ತು ಕೈಗೆ ಸಿಗಬೇಕು. ದ್ವಿತೀಯ ಪಿಯುಸಿಯ ಹೂಬಿಡುವ ಸಸ್ಯಗಳ ಲೈಂಗಿಕ ಸಂತಾನೋತ್ಪತ್ತಿಯ ಪಾಠದಲ್ಲಿ ಎಂಡೋಸ್ಪರ್ಮ್ ಎಂಬ ಮಾತು ಬರುತ್ತದೆ. ಹೂವಿನ ಭ್ರೂಣಚೀಲದೊಳಗೆ ಒಂದು ಗಂಡು ಲಿಂಗಾಣು ಅಂಡದೊಡನೆ ಸೇರಿ ಭ್ರೂಣಕ್ಕೆ ನಾಂದಿಯಾದರೆ, ಇನ್ನೊಂದು ಗಂಡು ಲಿಂಗಾಣು ಎರಡು ಧ್ರುವೀಯ ಕೋಶಕೇಂದ್ರಗಳೊಡನೆ ಸೇರಿ, ಆ ಭ್ರೂಣಕ್ಕೆ ಬೇಕಾದ ಬುತ್ತಿಯನ್ನು ಕಟ್ಟುತ್ತದೆ. ಈ ಬುತ್ತಿಯೇ ಎಂಡೋಸ್ಪರ್ಮ್. ಎಳನೀರನ್ನು ಕುಡಿದವರೆಲ್ಲ ಇದನ್ನು ಕುಡಿದಿದ್ದಾರೆ: ಕೋಶಗಳ ನಡುವೆ ಗೋಡೆಯೇಳದೆ ಸಾವಿರಾರು ಕೋಶಕೇಂದ್ರಗಳು ತೇಲುತ್ತಿರುವ ಎಂಡೋಸ್ಪರ್ಮ್ ಎಳನೀರಾದರೆ, ಗೋಡೆಗಳೆದ್ದು ಕೋಶಗಳಾಗಿ ರೂಪುಗೊಂಡದ್ದು ನಾವು ತುರಿಯುವ ಬಿಳಿಯ ಕಾಯಿ. ಅಕ್ಕಿಯ ಕಾಳಿನ ಬಹುಭಾಗವೂ ಎಂಡೋಸ್ಪರ್ಮೇ. ಆದರೆ ಅವರೆಯ ಕಥೆ ಬೇರೆ. ಅಲ್ಲಿ ಬೆಳೆಯುವ ಭ್ರೂಣ ಬುತ್ತಿಯನ್ನು ಬೀಜ ಬಲಿಯುವ ಮುನ್ನವೇ ಉಂಡು, ಆ ಸತ್ತ್ವವನ್ನು ತನ್ನ ಬೀಜದಳಗಳಲ್ಲಿ ತುಂಬಿಕೊಳ್ಳುತ್ತದೆ. ನೆನೆಸಿದ ಅವರೆಕಾಳನ್ನು ಬೆರಳಿನಿಂದ ಹಿತಕಿದಾಗ ಸಿಪ್ಪೆ ಕಳಚಿ ಕೈಗೆ ಬರುವ ಎರಡು ಹೋಳುಗಳು ಆ ಬೀಜದಳಗಳೇ. ಅವನ್ನು ಸಾರಿಗೆ ಹಾಕುವ ಮೊದಲು ಬಿಡಿಸಿ ನೋಡಿದರೆ, ಒಂದು ಅಂಚಿನಲ್ಲಿ ಮೊಳಕೆಯ ಪುಟ್ಟ ಅಕ್ಷವೂ ಕಾಣುತ್ತದೆ. ಹಿತಕಿದ ಬೇಳೆಯ ಸಾರು ಮಾಡುವ ಮನೆಯ ಮಗುವಿಗೆ ಈ ಪಾಠ ಅಪರಿಚಿತವಾಗಲು ಕಾರಣವೇ ಇಲ್ಲ.

ಎರಡು ಭಾಷೆಗಳ ನಡುವೆ ಓಡಾಡುವ ವಿದ್ಯಾರ್ಥಿಗೆ ಇತರರಿಗಿಂತ ಸುಲಭವಾಗಿ ಒಲಿಯಬಲ್ಲ ಒಂದು ಅಧ್ಯಾಯವೂ ಇದೆ. ಅದು ಅನುವಂಶೀಯತೆಯ ಅಣುಮಟ್ಟದ ತಳಹದಿಯನ್ನು ಕುರಿತದ್ದು. ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುವುದನ್ನು ಟ್ರಾನ್ಸ್‌ಕ್ರಿಪ್ಷನ್ ಎಂದೂ, ಆರ್‌ಎನ್‌ಎಯ ಸಂದೇಶದಂತೆ ಪ್ರೋಟೀನ್ ಕಟ್ಟುವುದನ್ನು ಟ್ರಾನ್ಸ್‌ಲೇಷನ್ ಎಂದೂ ಕರೆಯುತ್ತಾರೆ. ಮಕ್ಕಳು ಇವೆರಡನ್ನು ಅದಲುಬದಲು ಮಾಡುವುದು ಪರೀಕ್ಷೆಯಲ್ಲಿ ನಾನು ಹೆಚ್ಚು ಕಂಡ ತಪ್ಪು. ಮೊದಲನೆಯದು ನಕಲು ಬರೆದುಕೊಳ್ಳುವುದು: ಭಾಷೆ ಬದಲಾಗುವುದಿಲ್ಲ, ಡಿಎನ್‌ಎಯ ಥೈಮಿನ್ ಎಂಬ ಅಕ್ಷರವಿದ್ದಲ್ಲಿ ಆರ್‌ಎನ್‌ಎಯಲ್ಲಿ ಯುರಾಸಿಲ್ ಬರುವ ಒಂದು ಅಕ್ಷರದ ವ್ಯತ್ಯಾಸ ಮಾತ್ರ. ಎರಡನೆಯದು ನಿಜವಾದ ಅನುವಾದ: ಆರ್‌ಎನ್‌ಎಯ ನಾಲ್ಕು ಅಕ್ಷರಗಳ ಭಾಷೆಯಿಂದ, ಪ್ರೋಟೀನನ್ನು ಕಟ್ಟುವ ಬಿಡಿಭಾಗಗಳಾದ 20 ಅಮೈನೋ ಆಮ್ಲಗಳ ಭಾಷೆಗೆ. ಮೂರು ಮೂರು ಅಕ್ಷರ ಸೇರಿ 64 ಪದಗಳಾಗುತ್ತವೆ. ಅವುಗಳಲ್ಲಿ 61 ಅಮೈನೋ ಆಮ್ಲಗಳನ್ನು ಹೆಸರಿಸಿದರೆ, ಉಳಿದ ಮೂರು ವಾಕ್ಯ ಮುಗಿಯಿತೆಂದು ಹೇಳುವ ಪೂರ್ಣವಿರಾಮಗಳು. ಈ ನಿಘಂಟನ್ನು ಬಿಡಿಸಿದವರಲ್ಲಿ ಒಬ್ಬರಾಗಿ 1968ರ ನೊಬೆಲ್ ಪ್ರಶಸ್ತಿಯನ್ನು ಮಾರ್ಷಲ್ ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಎಂಬ ವಿಜ್ಞಾನಿಗಳೊಡನೆ ಹಂಚಿಕೊಂಡ ಹರಗೋವಿಂದ ಖೊರಾನಾ, ಪಂಜಾಬಿನ ಸುಮಾರು ನೂರು ಜನರ ಹಳ್ಳಿಯೊಂದರಲ್ಲಿ ಹುಟ್ಟಿದವರು. ಆ ಊರಿನಲ್ಲಿ ಓದುಬರಹ ಬಲ್ಲ ಮನೆ ಹೆಚ್ಚುಕಡಿಮೆ ಅವರದೊಂದೇ ಆಗಿತ್ತು. ಈ ಸಂಗತಿಯನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚುಗಳಲ್ಲಿ ತಲೆಗಳು ಮೇಲೇಳುತ್ತಿದ್ದವು.

ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಪ್ರಯೋಗಾಲಯದ ಅವಧಿಯನ್ನು ದಯವಿಟ್ಟು ಟಿಪ್ಪಣಿ ಬರೆಸಲು ಬಳಸಬೇಡಿ. ಪರಾಗ ಮೊಳೆಯುವ ಪ್ರಯೋಗಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಕೆ, ಶೇಕಡಾ 10ರ ಸಕ್ಕರೆ ದ್ರಾವಣ, ಜೊತೆಗೆ ಅಂಗಳದ ನಿತ್ಯಪುಷ್ಪವೋ ಕರ್ಣಕುಂಡಲವೋ ಇದ್ದರೆ ಸಾಕು. ಆಗಷ್ಟೇ ಅರಳಿದ ಹೂವಿನ ಪರಾಗವನ್ನು ದ್ರಾವಣದ ಹನಿಯ ಮೇಲೆ ಉದುರಿಸಿ, 15ರಿಂದ 30 ನಿಮಿಷ ಬಿಟ್ಟು ನೋಡಲು ಹೇಳಿ. ರೇಣುವಿನ ಪಕ್ಕದಿಂದ ಹೊರಟ ನಳಿಕೆಯನ್ನು ಮೊದಲ ಬಾರಿಗೆ ಕಂಡ ಮಗು ಪಕ್ಕದವರನ್ನು ಕರೆದು ತೋರಿಸುವುದು ತನ್ನ ಮನೆಮಾತಿನಲ್ಲೇ. ತೋರಿಸಿ ಮುಗಿಸಲಿ, ಪಾಲೆನ್ ಟ್ಯೂಬ್ ಎಂಬ ಹೆಸರನ್ನು ರೆಕಾರ್ಡ್ ಪುಸ್ತಕದಲ್ಲಿ ಆಮೇಲೆ ಬರೆಯಲಿ.

ನಮಸ್ಕಾರ.